ಬ್ಲಾಗೊಯೆಯ ಕೋಟೆಯೂ ಸಂಖ್ಯೆಯಿಲ್ಲದ ಮನೆಯೂ

ದಕ್ಷಿಣ ಸರ್ಬಿಯಾದ ಮೆಣಸಿನಕಾಯಿ ಬೆಳೆಗಾರರ ಸಂಘದಲ್ಲಿ ಬ್ಲಾಗೊಯೆ ಹತ್ತೊಂಬತ್ತು ವರ್ಷದಿಂದ ಕೋಟೆ ಕಾಯುತ್ತಿದ್ದ. ಕತ್ತಿ ಇರಲಿಲ್ಲ, ಮೀಸೆಯೂ ಅಷ್ಟಕ್ಕಷ್ಟೇ. ಸಂಘದ ವೆಬ್‌ಸೈಟಿನ ಅರ್ಜಿಯಲ್ಲಿ ಜನ ಬರೆದದ್ದು ಸರಿಯಾದ ಅಚ್ಚಿಗೆ ಕೂರುತ್ತದೋ ಇಲ್ಲವೋ ಎಂದು ನೋಡುವ ಪುಟ್ಟ ಸೂತ್ರಗಳನ್ನು ಬರೆಯುವುದು ಅವನ ಉದ್ಯೋಗ. ಫೋನ್ ನಂಬರಿನ ಜಾಗದಲ್ಲಿ ಹೆಂಡತಿಯ ಹೆಸರು ಬರೆದವರು, ಹುಟ್ಟಿದ ದಿನ ಕೇಳಿದರೆ 'ಹಿಮ ಜಾಸ್ತಿ ಬಿದ್ದ ವರ್ಷ' ಎಂದವರು, ಎಲ್ಲರೂ ಅವನ ಬಾಗಿಲಲ್ಲಿ ಮಣ್ಣು ಮುಕ್ಕಿದ್ದರು. ಒಂದು ತಪ್ಪಕ್ಷರವನ್ನೂ ಒಳಗೆ ಬಿಡದ ವೀರನೆಂಬ ಬಿರುದು ಅವನಿಗಿತ್ತು; ಕೊಟ್ಟವನೂ ಅವನೇ.

ಆ ಕೋಟೆಗೆ ಮುತ್ತಿಗೆ ಹಾಕಿದವಳು ಅವನ ಚಿಕ್ಕಮ್ಮ ರಾದುಂಕಾ. ಕೆಂಪು ಮೆಣಸಿನಕಾಯಿ ಸುಟ್ಟು, ಕೊಪ್ಪರಿಗೆಯಲ್ಲಿ ಮಗುಚಿ ಮಾಡುವ ಐವಾರ್ ಚಟ್ನಿಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವಳ ನಂಬಿಕೆ. ಆದರೆ ಸಂಘದ ಸ್ಪರ್ಧೆಯಲ್ಲಿ ತೀರ್ಪುಗಾರರು ಮನೆಮನೆಗೆ ಬಂದು ಕೊಪ್ಪರಿಗೆಯಿಂದಲೇ ರುಚಿ ನೋಡುತ್ತಾರೆ. ಪ್ರತಿ ವರ್ಷ ರಸ್ತೆಯಲ್ಲೇ ನಿಂತು ಅವರನ್ನು ಮೊದಲು ಒಳಗೆಳೆದುಕೊಳ್ಳುವವಳು ಪಕ್ಕದ ಮನೆಯ ವಿದೊಸಾವಾ. ಹೊಟ್ಟೆ ಬಿರಿಯೆ ತಿಂದು ಬಂದವರಿಗೆ ರಾದುಂಕಾಳದ್ದು ರುಚಿಸೀತೇ?

ಈ ಸಲದಿಂದ ಸ್ಪರ್ಧೆಯ ಅರ್ಜಿಯನ್ನೂ ವೆಬ್‌ಸೈಟಿನಲ್ಲೇ ಹಾಕಬೇಕು, ಮಧ್ಯಾಹ್ನ ಹನ್ನೆರಡರೊಳಗೆ. ಹನ್ನೊಂದೂವರೆಗೆ ಅವಳ ಫೋನು ಬಂತು. ಮನೆ ಸಂಖ್ಯೆಯ ಹತ್ತಿರ ಅರ್ಜಿ ಮೊಂಡುಹಿಡಿದು ನಿಂತಿದೆ.

ಆ ಊರಿನ ಒಂದು ಮನೆಗೂ ಸಂಖ್ಯೆಯಿಲ್ಲ. ಅಂಥ ಮನೆಗಳ ವಿಳಾಸದ ಕೊನೆಗೆ 'ಬೆಬೆ', ಅಂದರೆ ಸಂಖ್ಯೆಯಿಲ್ಲ, ಎಂದು ಬರೆಯುವುದು ದೇಶಕ್ಕೆಲ್ಲ ಗೊತ್ತು. ಅಲ್ಲೇ ಹುಟ್ಟಿದ ಬ್ಲಾಗೊಯೆಗೂ ಗೊತ್ತು. ಅವನ ಸೂತ್ರಕ್ಕೆ ಮಾತ್ರ ಗೊತ್ತಿರಲಿಲ್ಲ; ಅದು ಅಂಕಿ ಬಿಟ್ಟು ಬೇರೇನನ್ನೂ ಒಪ್ಪುತ್ತಿರಲಿಲ್ಲ.

"ಚಿಕ್ಕಮ್ಮ, ಸುಮ್ನೆ ಒಂದು ಅಂತ ಹಾಕಿಬಿಡು."

"ಒಂದಾ? ಹಂಗಾದ್ರೆ ತನ್ನದು ಎರಡು ಅಂತ ವಿದೊಸಾವಾ ಒಪ್ಕೋತಾಳಾ? ನಿನ್ನ ಚಿಕ್ಕಪ್ಪ ನಂಬರಿಲ್ಲದ ಮನೇಲಿ ಹುಟ್ಟಿ, ನಂಬರಿಲ್ಲದ ಮನೇಲೇ ಕಣ್ಣುಮುಚ್ಚಿದ. ನಾನು ಸುಳ್ಳು ಬರೆಯಲ್ಲ ಮಗಾ. ನೀನೇ ಬಾಗಿಲು ತೆಗಿ."

ಬ್ಲಾಗೊಯೆ ಬೆವರುತ್ತಲೇ ತೆಗೆದ. 'ಅಂಕಿ ಅಥವಾ ಬೆಬೆ' ಎಂದು ಸೂತ್ರ ತಿದ್ದಿದ. ಅವಸರದಲ್ಲಿ ಎರಡನ್ನೂ ಸೇರಿಸಿ ಕಟ್ಟುವ ಕಂಸ ಹಾಕಲು ಮರೆತ. ಹಾಗಾಗಿ ಕಂಪ್ಯೂಟರ್ ತಿಳಿದುಕೊಂಡದ್ದು ಇಷ್ಟು: ಅಂಕಿಯಿಂದ ಶುರುವಾದದ್ದೆಲ್ಲ ಸರಿ, ಬೆಬೆಯಲ್ಲಿ ಮುಗಿದದ್ದೆಲ್ಲ ಸರಿ, ಮಿಕ್ಕ ಜಾಗದಲ್ಲಿ ಏನಿದ್ದರೂ ದೇವರ ಚಿತ್ತ.

ಹನ್ನೆರಡಕ್ಕೆ ನಾಲ್ಕು ನಿಮಿಷವಿರುವಾಗ ಚಿಕ್ಕಮ್ಮನ ಅರ್ಜಿ ಒಳಬಂತು. ಮನೆ ಸಂಖ್ಯೆಯ ಜಾಗದಲ್ಲಿ ಹೀಗಿತ್ತು: 'ಬಸ್ಸಿಳಿದು ವಾಲ್‌ನಟ್ ಮರದ ಹಿಂದಿನ ಕಾಲುದಾರಿ ಹಿಡೀರಿ, ದೊಡ್ಡ ರಸ್ತೇಲಿ ಬರಬೇಡಿ, ಅಲ್ಲಿ ವಿದೊಸಾವಾ ನಿಂತಿರ್ತಾಳೆ, ನಾಯಿ ಕಚ್ಚಲ್ಲ, ಬೆಬೆ'.

ಬ್ಲಾಗೊಯೆ ಸೂತ್ರ ತೆರೆದು ನೋಡಿದ; ಕಂಸ ಬಿಟ್ಟುಹೋಗಿತ್ತು. ಕಂಸ ಹಾಕಿದರೆ ಬಿರುದು ಉಳಿಯುತ್ತದೆ. ಆದರೆ ಹನ್ನೆರಡಕ್ಕೆ ಕಂಪ್ಯೂಟರ್ ಅರ್ಜಿಗಳನ್ನೆಲ್ಲ ಅದೇ ಸೂತ್ರದಲ್ಲಿ ಇನ್ನೊಮ್ಮೆ ಜರಡಿ ಹಿಡಿಯುವಾಗ ಚಿಕ್ಕಮ್ಮ ಹೊರಗೆ ಬೀಳುತ್ತಾಳೆ. ಹತ್ತೊಂಬತ್ತು ವರ್ಷದ ಕೋಟೆ ಒಂದು ಕಡೆ, ಬಾಲ್ಯದಿಂದ ತಿಂದ ಐವಾರ್ ಇನ್ನೊಂದು ಕಡೆ. ವೀರನು ಎರಡು ಕೈಯನ್ನೂ ತೊಡೆಯಡಿ ಇಟ್ಟುಕೊಂಡು ಕುಳಿತ. ಕಂಸ ಹಾಕಿದ್ದು ಹನ್ನೆರಡು ದಾಟಿ ಒಂದು ನಿಮಿಷಕ್ಕೆ.

ತೀರ್ಪುಗಾರರು ಹಸಿದ ಹೊಟ್ಟೆಯಲ್ಲಿ ಕಾಲುದಾರಿ ಹಿಡಿದು ಬಂದರು. ಬ್ರೆಡ್ಡಿಗೆ ಬಳಿದು ಬಳಿದು ಕೊಪ್ಪರಿಗೆಯ ತಳ ಕಾಣಿಸಿದರು. ಬಹುಮಾನ ರಾದುಂಕಾಳಿಗೇ ಬಂತು. ಆರು ಸೀಸೆ ಐವಾರ್ ಬ್ಲಾಗೊಯೆಯ ಮನೆಗೆ ಹೋಯಿತು.

ಮರುದಿನವೇ ವಿದೊಸಾವಾ ಫೋನು ಮಾಡಿದಳು. ಮುಂದಿನ ವರ್ಷ ಮನೆ ಸಂಖ್ಯೆಯ ಜಾಗದಲ್ಲಿ ತನಗೂ ನಾಲ್ಕು ಮಾತು ಬರೆಯಲು ಬಿಡಬೇಕಂತೆ.

ಬ್ಲಾಗೊಯೆ ಬಾಯಲ್ಲಿದ್ದ ಐವಾರ್ ನುಂಗಿ, ಗಂಟಲು ಸರಿಮಾಡಿಕೊಂಡ.

"ಆಗಲ್ಲಮ್ಮ. ಸೂತ್ರ ಅಂದ್ರೆ ಸೂತ್ರ."