ದಿನಕ್ಕೆ ಕಾಲು ಭಾಗ ಇಳಿಯುವ ಹಳ್ಳ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಆ ವರ್ಷ ಅದು ಅಲ್ಲಿಂದ ಇಳಿಯಲೇ ಇಲ್ಲ. ಎಂಬತ್ತರ ದಶಕದ ಆರಂಭ. ನಾನು ದಾಂಡೇಲಿಯ ಒಂದು ಕಾಲೇಜಿನಲ್ಲಿ ಗಣಿತದ ತಾತ್ಕಾಲಿಕ ಉಪನ್ಯಾಸಕಿ. ಹಳಿಯಾಳದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮುಂದಿನ ಜೂನ್ ಒಳಗೆ ಎಂ.ಫಿಲ್. ಮುಗಿದರೆ ಕೆಲಸ ಕಾಯಂ, ಮುಗಿಯದಿದ್ದರೆ ಆ ಜಾಗಕ್ಕೆ ಬೇರೆಯವರು ಎಂದು ಪ್ರಾಚಾರ್ಯರು ಕರೆದು ಹೇಳಿದ್ದರು. ಚಹಾ ತರಿಸಿ, ನಗುತ್ತಲೇ ಹೇಳಿದರು. ಆ ನಗು ನೋಡಿ ನನಗೆ ಇನ್ನಷ್ಟು ಉರಿಯಿತು.

ನನ್ನ ಮಾರ್ಗದರ್ಶಕರು ಧಾರವಾಡದಲ್ಲಿದ್ದರು. ಅನಂತ ಶ್ರೇಢಿಗಳ ಮೇಲೆ ಆಯುಷ್ಯ ಕಳೆದ, ಶುದ್ಧ ಗಣಿತದ ಮನುಷ್ಯ. ಅನ್ವಯಿಕ ಗಣಿತ ಎಂದರೆ ಅವರಿಗೆ ಮೈಲಿಗೆ. ನನ್ನದು ಉಲ್ಟಾ ಹಟ. ನನ್ನ ಪ್ರಬಂಧದಲ್ಲಿ ಕಣ್ಣಿಗೆ ಕಾಣುವ, ಮುಟ್ಟಿದರೆ ಕೈಗೆ ಹತ್ತುವ ವಸ್ತು ಒಂದಾದರೂ ಇರಲೇಬೇಕು. ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಅವರು "ಆತು, ಏನರೆ ಹುಡಿಕ್ಕೊಂಡು ಬಾ" ಎಂದರು.

ನಾನು ಹುಡುಕಿಕೊಂಡಿದ್ದು ಒಂದು ಹಳ್ಳ. ದಾಂಡೇಲಿಯಲ್ಲಿ ಆಗ ಒಂದು ಸಣ್ಣ ಕಚೇರಿ ಇತ್ತು. ಸುತ್ತಲಿನ ಹಳ್ಳಗಳಲ್ಲಿ ಅಳತೆಯ ಕಂಬ ನೆಟ್ಟು, ಆಯಾ ಊರಿನ ಒಬ್ಬೊಬ್ಬರಿಂದ ನೀರಿನ ಮಟ್ಟ ಬರೆಸಿ ತರಿಸಿಕೊಂಡು ಕಪಾಟಿನಲ್ಲಿ ಇಡುವುದು ಅದರ ಕೆಲಸ. ಬಹಳಷ್ಟು ರಜಿಸ್ಟರುಗಳಲ್ಲಿ ಮಳೆಗಾಲದ ಪುಟಗಳೇ ಅರ್ಧಂಬರ್ಧ. ಒಂದು ರಜಿಸ್ಟರ್ ಮಾತ್ರ ಹಾಗಿರಲಿಲ್ಲ. ಜೋಯಿಡಾ ಕಡೆಯ ಕಾಡಿನಿಂದ ಬಂದು ಕಾಳಿ ನದಿಯನ್ನು ಸೇರುವ ಹಳ್ಳದ್ದು. ಹನ್ನೆರಡು ವರ್ಷ, ಒಂದು ದಿನವೂ ಖಾಲಿ ಇಲ್ಲ. ದುಂಡಗಿನ, ಅವಸರವಿಲ್ಲದ ಅಂಕಿಗಳು. ನೋಡಿದ ಕೂಡಲೇ ಆ ಬರೆದವರ ಮೇಲೆ ನನಗೆ ಭಕ್ತಿ ಹುಟ್ಟಿತು.

ರಜಿಸ್ಟರನ್ನು ಹೊರಗೆ ಕೊಡುವ ಹಾಗಿಲ್ಲ ಎಂದು ಕಾರಕೂನರು ಹೇಳಿದರು. ಹಾಗಾಗಿ ಕಾಲೇಜು ಬಿಟ್ಟ ಮೇಲೆ ಹೋಗಿ, ಅವರ ಮೇಜಿನ ಒಂದು ಮೂಲೆಯಲ್ಲಿ ಕೂತು ನಕಲು ಮಾಡಿದೆ. ಮೂರು ತಿಂಗಳು ಹಿಡಿಯಿತು. ಕಾಲೇಜಿನಲ್ಲಿ ನನ್ನನ್ನು "ಹಳ್ಳದ ಮೇಡಂ" ಎಂದು ಕರೆಯತೊಡಗಿದ್ದರು. ಮೊದಮೊದಲು ನಕ್ಕೆ, ಆಮೇಲೆ ಒಬ್ಬರಿಗೆ ಸರಿಯಾಗಿ ಬೈದೆ.

ಒಂದು ಭಾನುವಾರ ಮಧ್ಯಾಹ್ನ ಮನೆಯ ನಡುಮನೆಯಲ್ಲಿ ಗ್ರಾಫ್ ಹಾಳೆ ಹರಡಿಕೊಂಡು, ಲಾಗ್ ಟೇಬಲ್ ನೋಡುತ್ತ ಮಳೆ ನಿಂತ ಮೇಲಿನ ದಿನಗಳ ಅಂಕಿಗಳನ್ನು ಗುರುತು ಹಾಕಿದೆ. ಕಂಬದ ಸೊನ್ನೆ ಬೇಸಿಗೆಯ ನೀರಿನ ಮಟ್ಟಕ್ಕಿತ್ತು. ಒಂದು ಜುಲೈ ತಿಂಗಳಲ್ಲಿ ಅದರ ಮೇಲೆ ನೂರಾ ತೊಂಬತ್ತೆರಡು ಸೆಂಟಿಮೀಟರ್. ಮರುದಿನ ನೂರಾ ನಲವತ್ತನಾಲ್ಕು. ಆಮೇಲೆ ನೂರಾ ಎಂಟು, ಎಂಬತ್ತೊಂದು, ಅರವತ್ತೊಂದು. ಪ್ರತಿ ದಿನ ಹಿಂದಿನ ದಿನದ ಮುಕ್ಕಾಲು. ಇನ್ನೊಂದು ವರ್ಷ ತೆಗೆದೆ, ಅಲ್ಲೂ ಮುಕ್ಕಾಲು. ಮತ್ತೊಂದು ತೆಗೆದೆ. ಚುಕ್ಕೆಗಳು ಪಟ್ಟಿ ಹಿಡಿದು ಇಟ್ಟಂತೆ ಒಂದೇ ಗೆರೆಯಲ್ಲಿ ಕೂತವು. ನನ್ನ ಕಣ್ಣಲ್ಲಿ ನೀರು ಬಂತು.

"ಏನಾತವಾ?" ಎಂದಳು ಅವ್ವ, ಹಾಳೆ ದಾಟುತ್ತ.

"ಹಳ್ಳ ದಿನಾ ಕಾಲು ಭಾಗ ಇಳೀತದ ಯವ್ವಾ."

"ಇಳೀಲೇಳು. ಅದಕ್ಯಾಕ ಅಳ್ತಿ?"

ಅವ್ವನಿಗೆ ಏನು ಹೇಳಲಿ? ಕಾಡಿನ ಒಂದು ಹಳ್ಳ, ಯಾರೂ ಹೇಳಿಕೊಡದೆ, ಹನ್ನೆರಡು ವರ್ಷ ಒಂದೇ ನಿಯಮವನ್ನು ಪಾಲಿಸಿಕೊಂಡು ಬಂದಿದೆ. ಅದನ್ನು ಮೊದಲು ಕಂಡವಳು ನಾನು. ಇಷ್ಟು ಚಂದದ ಅಂಕಿ ಪ್ರಕೃತಿಯಲ್ಲಿ ಸಿಗುತ್ತದೆಯೇ ಎಂದು ಒಮ್ಮೆಯೂ ಅನುಮಾನಿಸಲಿಲ್ಲ. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನಿಸುತ್ತದೆ.

ಅಲ್ಲಿಂದ ಮುಂದಿನ ಗಣಿತ ಸಲೀಸಾಗಿ ಬಂತು. ಒಂದು ಮಳೆಗೆ ಹಳ್ಳ ಎಷ್ಟು ಏರುತ್ತದೋ, ನಡುನಡುವೆ ದಿನಕ್ಕೆ ಕಾಲು ಭಾಗ ಇಳಿಯುತ್ತಿದ್ದರೆ, ದಿನಾ ಮಳೆ ಹೊಡೆದರೂ ನೀರು ಆ ಏರಿಕೆಯ ನಾಲ್ಕು ಪಟ್ಟನ್ನು ಮೀರುವುದಿಲ್ಲ. ಇದು ಸರಳ. ಮಳೆ ಹೇಗೆಂದರೆ ಹಾಗೆ ಬಿಟ್ಟು ಬಿಟ್ಟು ಬಂದರೆ ಏನಾಗುತ್ತದೆ ಎನ್ನುವುದು ಕಷ್ಟದ್ದು, ಅದನ್ನೇ ಎರಡು ಅಧ್ಯಾಯಗಳಲ್ಲಿ ಸಾಧಿಸಿದೆ. ಗುರುಗಳು ಅದನ್ನು ಓದಿ, ಕನ್ನಡಕ ತೆಗೆದು, "ಅಡ್ಡಿಯಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಯಾರೂ ಕೇಳಿರಲಿಲ್ಲ.

ಹಳಿಯಾಳದ ಟೈಪಿಂಗ್ ಕ್ಲಾಸಿನಲ್ಲಿ ಟೈಪ್ ಮಾಡಿಸಿದೆ. ಆ ಯಂತ್ರದಲ್ಲಿ ಗ್ರೀಕ್ ಅಕ್ಷರಗಳೂ ಇಲ್ಲ, ಮೊತ್ತದ ಚಿಹ್ನೆಯೂ ಇಲ್ಲ. ಟೈಪಿಸ್ಟರು ಅಲ್ಲಲ್ಲಿ ಜಾಗ ಬಿಡುತ್ತಿದ್ದರು, ಆ ಜಾಗದಲ್ಲಿ ನಾನು ಮಸಿಯ ಪೆನ್ನಿನಿಂದ ಒಂದೊಂದೇ ಚಿಹ್ನೆ ಬರೆಯಬೇಕು, ನಾಲ್ಕೂ ಪ್ರತಿಗಳಲ್ಲಿ. ಬೆರಳು ಬಾತು ಹೋಗಿದ್ದವು. ಅಷ್ಟೆಲ್ಲ ಆದ ಮೇಲೆ ಗುರುಗಳು, "ಅಳತಿ ಹೆಂಗ ತಗೊಂಡ್ರು ಅಂತ ಪರೀಕ್ಷಕರು ಕೇಳ್ತಾರ. ಒಂದು ಪ್ಯಾರಾ ಬರದು ಸೇರಸು" ಎಂದರು. ಆಗ ಹೊಳೆಯಿತು, ಆ ಹಳ್ಳವನ್ನು ನಾನು ಕಣ್ಣಿಂದ ನೋಡಿಯೇ ಇಲ್ಲ.

ನವೆಂಬರಿನಲ್ಲಿ ಹೋದೆ. ಜೋಯಿಡಾಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಒಂದೂವರೆ ತಾಸಿನ ನಡಿಗೆ. ಅಂಕಿ ಬರೆಯುವವರ ಮನೆ ಹಳ್ಳದ ಈಚೆಯ ದಡದಲ್ಲೇ ಇತ್ತು. ಐವತ್ತೈದು ದಾಟಿದ ಗದ್ದೆ ಮಾಡುವ ಮನುಷ್ಯ. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ನಾನು ಅವರನ್ನು ಕಾಕಾ ಎಂದೆ, ಅವರು ನನ್ನನ್ನು ಮರ್ಯಾದೆಯಿಂದ ಬಾಯಾರ ಎಂದರು. ನನ್ನ ನಕಲು ಪುಸ್ತಕ ತೋರಿಸಿದಾಗ ತಮ್ಮ ಅಂಕಿಗಳನ್ನು ಬೇರೆಯವರ ಕೈಬರಹದಲ್ಲಿ ಕಂಡು ಅವರ ಮುಖ ಅರಳಿತು.

"ಕಂಬ ಎಲ್ಲೈತಿ ಕಾಕಾ?"

ಅವರು ಬೆರಳು ತೋರಿಸಿದರು. ಕಂಬ ಆಚೆಯ ದಡದ ಬಂಡೆಗೆ ಬಡಿದಿತ್ತು, ಅಂಕಿಗಳಿದ್ದ ಮೊಗ ಆ ಕಡೆಗೆ. ನಡುವೆ ಬಿದಿರಿನ ಹೊಸ ಕಾಲುಸಂಕ. ಊರವರು ಅದನ್ನು ಪ್ರತಿ ಅಕ್ಟೋಬರಿನಲ್ಲಿ ಕಟ್ಟುತ್ತಾರೆ, ಜೂನಿನಲ್ಲಿ ಮೊದಲ ನೀರಿಗೆ ಅದು ಕೊಚ್ಚಿ ಹೋಗುತ್ತದೆ ಎಂದು ಕಾಕಾ ಹೇಳಿದರು.

"ಮತ್ತ ಮಳಿಗಾಲದಾಗ ಆ ದಂಡಿಗೆ ಹೆಂಗ ಹೋಗ್ತೀರಿ?"

"ಮಳಿಗಾಲದಾಗ ಯಾರ್ ಹೋಗ್ತಾರ ಬಾಯಾರ? ಸಾಯೂದಕ್ಕ?"

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಕಂಬ ನೆಡಲು ಸಾಹೇಬರು ಬಂದಿದ್ದು ಮೇ ತಿಂಗಳಲ್ಲಿ. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಆಚೆಯ ಬಂಡೆ ಗಟ್ಟಿ ಎಂದು ಅಲ್ಲೇ ಬಡಿದು, ಸಂಜೆಯೊಳಗೆ ಹೊರಟು ಹೋದರು. ಮಳೆ ಜೋರಾದಾಗ ನೀರು ಯಾವ ಬಂಡೆಯ ಎಷ್ಟು ಎತ್ತರಕ್ಕೆ ಬಂತು ಎಂಬುದು ಈಚೆಯಿಂದಲೇ ಗೊತ್ತಾಗುತ್ತದೆ, ಅದನ್ನು ಬರೆಯುತ್ತಾರೆ. ಆಮೇಲೆ ನಾಟಿ ಕೆಲಸ, ದಿನಾ ದಡಕ್ಕೆ ಬರಲು ಪುರಸೊತ್ತಿಲ್ಲ. ಮೊದಲ ವರ್ಷ ಕೆಲವು ದಿನ ಖಾಲಿ ಬಿಟ್ಟಿದ್ದಕ್ಕೆ ಕಚೇರಿಯಿಂದ ಮೆಮೊ ಬಂತು, ಹೊಸ ಪುಟ ಬರೆದು ಕೊಡಬೇಕಾಯಿತು.

"ಅದಕ್ಕ ಮನ್ಯಾಗ ಕುಂತು ದಿನಾ ಪಾವು ಭಾಗ ಇಳಸ್ತೇನಿ" ಎಂದರು.

ಪಾವು ಭಾಗ ಎಂದರೆ ಕಾಲು ಭಾಗ. ನನ್ನ ನಿಯಮ. ನನ್ನ ಮೂರು ತಿಂಗಳು, ಎರಡು ಅಧ್ಯಾಯ, ನಾಲ್ಕು ಪ್ರತಿ. ನಾನು ಕಂಡುಹಿಡಿದದ್ದು ಹಳ್ಳದ ನಿಯಮವನ್ನಲ್ಲ, ಈ ಮನುಷ್ಯನ ಬಾಯಿ ಲೆಕ್ಕವನ್ನು.

"ಹನ್ನೆರಡು ವರ್ಷ ಸುಳ್ಳ ಬರದೀರಿ?" ನನ್ನ ಧ್ವನಿ ಏರಿತ್ತು.

ಅವರಿಗೆ ಬೇಜಾರಾಯಿತು. "ಸುಳ್ಳ ಅಲ್ಲ ಬಾಯಾರ. ನೀರು ಹಂಗ ಇಳೀತದ. ಸಣ್ಣಾಂವ ಇದ್ದಾಗಿಂದ ಇದೇ ಹಳ್ಳ ನೋಡೇನಿ."

"ಅಳದೀರೇನು?"

"ಅಳಿಯೂದ್ಯಾಕ? ಗೊತ್ತೈತಿ."

ಅವರ ಹೆಂಡತಿ ಗಂಜಿ, ಉಪ್ಪಿನಕಾಯಿ ತಂದಿಟ್ಟರು. ಬೇಡ ಎಂದೆ. ಅವರು ಸುಮ್ಮನೆ ನನ್ನ ಪಕ್ಕದಲ್ಲೇ ಇಟ್ಟು ಹೋದರು. ಹಸಿವಿಗೆ ಸಿಟ್ಟು ಗೊತ್ತಾಗುವುದಿಲ್ಲ, ಸ್ವಲ್ಪ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು. ಕಾಕಾ ಮೆತ್ತಗೆ ಕೇಳಿದರು, ಇಷ್ಟೆಲ್ಲ ಅಂಕಿ ತಗೊಂಡು ನಾನು ಏನು ಮಾಡಿದೆ ಎಂದು. ನೀರು ಎಷ್ಟು ಎತ್ತರ ಮೀರುವುದಿಲ್ಲ ಎಂಬ ಲೆಕ್ಕ ಎಂದೆ. ಅವರು ಚುರುಕಾದರು.

"ಹಂಗಾರ ಹೇಳ್ರಿ, ಸಂಕ ಎಷ್ಟ ಎತ್ತರಕ್ಕ ಕಟ್ಟಿದ್ರ ಉಳೀತದ?"

ಉತ್ತರ ನನ್ನ ಚೀಲದಲ್ಲಿತ್ತು. ಅಂಥ ಹಳ್ಳಕ್ಕೆ ಎಷ್ಟು ಎತ್ತರ ಸಾಕು ಎಂದು ಕೊನೆಯ ಅಧ್ಯಾಯದಲ್ಲಿ ದಶಮಾಂಶದ ಸಮೇತ ಬರೆದಿದ್ದೆ. ಆದರೆ ಅದು ಅವರದೇ ಅಂದಾಜನ್ನು ಅವರಿಗೇ ತಿರುಗಿಸಿ ಕೊಟ್ಟಂತೆ. ಅದನ್ನು ನಂಬಿ ಅವರು ಸಂಕ ಕಟ್ಟಿ, ಅದರ ಮೇಲೆ ಯಾರಾದರೂ ದಾಟಿ ಹೋದರೆ? ಗೊತ್ತಿಲ್ಲ ಎಂದೆ. ಎಂ.ಎಸ್ಸಿ.ಯಲ್ಲಿ ಮೊದಲ ದರ್ಜೆ ಪಡೆದವಳು ಗದ್ದೆಯ ಬದುವಿನ ಮೇಲೆ ನಿಂತು ಗೊತ್ತಿಲ್ಲ ಎಂದದ್ದು ನನಗೆ ಬಹಳ ದಿನ ಚುಚ್ಚಿತು.

ಧಾರವಾಡಕ್ಕೆ ಹೋಗಿ ಗುರುಗಳಿಗೆ ಎಲ್ಲ ಹೇಳಿದೆ. ಅವರು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಎದ್ದು ಬರೋಣ ಅನಿಸಿತು.

"ನೋಡವಾ," ಎಂದರು ಕಣ್ಣೊರಸಿಕೊಂಡು, "ಹಳ್ಳ ತಗದ ಒಗಿ. ಇಂಥಾ ಒಂದು ಶ್ರೇಢಿ ಐತಿ ಅಂತ ತಿಳೀರಿ ಅಂತ ಸುರು ಮಾಡು. ನಿನ್ನ ಸಾಧನಿ ಒಳಗ ಒಂದು ಗೆರಿನೂ ತಪ್ಪಿಲ್ಲ. ಗಣಿತಕ್ಕ ಹಳ್ಳ ಯಾಕ ಬೇಕು?"

"ಒಂದು ಮಳಿಗಾಲ ತಡೀರಿ ಸರ್. ನಾನ ಹೋಗಿ ಅಳೀತೇನಿ. ಮುಕ್ಕಾಲು ಖರೇನೋ ಸುಳ್ಳೋ ತಿಳೀಲಿ."

"ಮಳಿ ಜೂನಿಗೆ ಬರ್ತದ. ನಿನ್ನ ಕೆಲಸ ಜೂನಿಗೆ ಹೋಗ್ತದ. ಯಾವುದು ಬೇಕು?"

ಉತ್ತರ ಇಬ್ಬರಿಗೂ ಗೊತ್ತಿತ್ತು. ನಾನು ಮೊದಲ ಅಧ್ಯಾಯ ಕಿತ್ತೆ, ಕೊನೆಯದನ್ನೂ ಕಿತ್ತೆ. ಹಳ್ಳ, ಮಳೆ, ಕಂಬ ಎಂಬ ಪದಗಳಿದ್ದ ಪುಟಗಳೆಲ್ಲ ಹೋದವು. ಹಳಿಯಾಳದ ಟೈಪಿಸ್ಟರು ಮತ್ತೆ ಮೊದಲಿನಿಂದ ಜಾಗ ಬಿಟ್ಟು ಬಿಟ್ಟು ಟೈಪ್ ಮಾಡಿದರು, ನಾನು ಮತ್ತೆ ನಾಲ್ಕು ಪ್ರತಿಗಳಿಗೂ ಮಸಿಯಲ್ಲಿ ಚಿಹ್ನೆ ತುಂಬಿದೆ. ಈ ಸಲ ಒಂದೊಂದು ಚಿಹ್ನೆಗೂ ಒಂದೊಂದು ಬೈಗುಳ ಬರುತ್ತಿತ್ತು. ಬೈಗುಳ ಯಾರಿಗೆ ಎಂದು ಮಾತ್ರ ನಿಶ್ಚಯವಾಗಿರಲಿಲ್ಲ. ಕಾಕಾಗೆ ಬೈದರೆ ಅವರ ಗಂಜಿ ನೆನಪಾಗುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಮೌಖಿಕ ಪರೀಕ್ಷೆ. ಬೇರೆ ಊರಿನಿಂದ ಬಂದ ಪರೀಕ್ಷಕರು ಬಹಳ ಹೊಗಳಿದರು. ಕೊನೆಗೆ, ಹೊರಡುವ ಮುನ್ನ ಏನೋ ಕೇಳಬೇಕೆಂದು ಕೇಳಿದಂತೆ, "ಹೀಗೆ ನಡೆದುಕೊಳ್ಳುವ ವಸ್ತು ಲೋಕದಲ್ಲಿ ನಿಜವಾಗಿ ಏನಾದರೂ ಇದೆಯೇ?" ಎಂದರು. ಗುರುಗಳು ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಸರ್" ಎಂದೆ.

"ಶುದ್ಧ ಗಣಿತದ ಸೊಗಸೇ ಅದು" ಎಂದು ಅವರು ಸಹಿ ಹಾಕಿದರು. ಕೆಲಸ ಕಾಯಂ ಆಯಿತು. ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ನಾನು ಒಂದೂ ತಿನ್ನಲಿಲ್ಲ.

ಜುಲೈ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ ಹಳ್ಳಕ್ಕೆ ಹೋದೆ. ಇನ್ನು ಅದರಿಂದ ನನಗೆ ಯಾವ ಪದವಿಯೂ ಬರಬೇಕಿರಲಿಲ್ಲ, ಆದರೂ ತಿಳಿಯದೆ ನಿದ್ದೆ ಬರುತ್ತಿರಲಿಲ್ಲ. ಒಂದು ಉದ್ದನೆಯ ಬಿದಿರಿಗೆ ಸೆಂಟಿಮೀಟರ್ ಗುರುತು ಕೊರೆದು, ಕಾಕಾ ಹೇಳಿದ ಬೇಸಿಗೆಯ ಮಟ್ಟಕ್ಕೆ ಸೊನ್ನೆ ಹಿಡಿದು, ಅವರ ಜೊತೆ ಸೇರಿ ಈಚೆಯ ದಡದಲ್ಲೇ ಬಿಗಿಯಾಗಿ ಕಟ್ಟಿದೆ. ನೀರು ಇಳಿಯಬೇಕಾದರೆ ಮಳೆ ನಿಲ್ಲಬೇಕು. ಮಳೆ ನಿಲ್ಲಲಿಲ್ಲ. ಮೊದಲ ದಿನ ನೂರಾ ನಲವತ್ತು, ಆಮೇಲೆ ನೂರಾ ಐವತ್ತೊಂದು, ನೂರಾ ನಲವತ್ತೊಂಬತ್ತು, ನೂರಾ ಐವತ್ತೆಂಟು. ನಾಲ್ಕನೆಯ ದಿನ ಮಳೆಗೆ ಎಲೆಯ ಗೊರಬು ಹೊದ್ದು ದಡದಲ್ಲಿ ನಿಂತು ಆಕಾಶಕ್ಕೆ ಬಾಯಿಗೆ ಬಂದಂತೆ ಬೈದೆ. ಕಾಕಾ ಪಾಪ ಬೇರೆ ಕಡೆ ನೋಡಿದರು.

"ನೀವು ಹೋಗ್ರಿ ಬಾಯಾರ, ಸಾಳಿ ತಪ್ಪಬಾರದು" ಎಂದರು. ಸಾಳಿ ಎಂದರೆ ಶಾಲೆ, ಅವರಿಗೆ ಕಾಲೇಜೂ ಅದೇ. "ಮಳಿ ಹೊಳವಾದ ಕೂಡ್ಲೆ ದಿನಾ ನೋಡಿ ಬರೀತೇನಿ. ಕಂಡಕ್ಟರ್ ಕೈಯಾಗ ಕಳಸ್ತೇನಿ."

"ನೋಡಿ ಬರೀಬೇಕು ಕಾಕಾ. ಲೆಕ್ಕ ಹಾಕಬಾರದು."

"ಆಗಲಿ."

ಮೂರು ವಾರದ ಮೇಲೆ ದಾಂಡೇಲಿ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ನಾಲ್ಕು ಮಡಿಕೆ ಮಾಡಿದ ಹಾಳೆ ಕೊಟ್ಟರು. ಅದೇ ದುಂಡಗಿನ, ಅವಸರವಿಲ್ಲದ ಅಂಕಿಗಳು. ನೂರಾ ಅರವತ್ತು. ನೂರಾ ಇಪ್ಪತ್ತು. ತೊಂಬತ್ತು. ಅರವತ್ತೆಂಟು. ಐವತ್ತೊಂದು. ಮೂವತ್ತೆಂಟು. ಹಳಿಯಾಳದ ಬಸ್ಸು ಬಂತು, ಹೋಯಿತು. ನಾನು ಬೆಂಚಿನ ಮೇಲೆ ಕೂತು ಹಾಳೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡುತ್ತಲೇ ಇದ್ದೆ. ಎಲ್ಲಾದರೂ ಒಂದೇ ಒಂದು ಅಂಕಿ ಮುಕ್ಕಾಲಿನ ಲೆಕ್ಕ ತಪ್ಪಿದ್ದರೆ ನಾನು ಅವರನ್ನು ನಂಬುತ್ತಿದ್ದೆ.