ಇಂಚರಳ ಬೆನ್ನಿನ ಪಟ್ಟಿ

ಇಂಥ ಸುದ್ದಿ ಯಾರಾದರೂ ಹೇಳಿದರೆ, ಮೊದಲು ಕಣ್ಣು ತೋರಿಸಿಕೊಂಡು ಬಾ ಹೋಗು ಎಂದು ನಗುತ್ತಿದ್ದವನು ನಾನು. ನೀವೂ ನಗಬಹುದು. ಆದರೆ ಇದರಲ್ಲಿ ನನ್ನ ತಪ್ಪೊಂದಿದೆ. ಅದನ್ನಾದರೂ ನಂಬಿ.

ನಮ್ಮದು ಹೊಣಕೆರೆ ಹತ್ತಿರದ ಹಳ್ಳಿ. ಮೊಮ್ಮಗಳು ಇಂಚರಳಿಗೆ ಎಂಟು ವರ್ಷ, ಮೂಳೆಯ ಕ್ಯಾನ್ಸರ್. ವಾಸಿಯಾಗುವುದಿಲ್ಲ, ನೋವಾದರೂ ಇಲ್ಲದಿರಲಿ ಎಂದು ಮೈಸೂರಿನ ಡಾಕ್ಟರು ಬೆನ್ನಿಗೆ ಅಂಟಿಸುವ ಔಷಧದ ಪಟ್ಟಿ ಕೊಟ್ಟಿದ್ದರು. ಮೂರು ದಿನಕ್ಕೊಂದು. ಯಾವ ವಾರ ಅಂಟಿಸಿದ್ದು ಎಂದು ಸೊಸೆ ಅದರ ಮೇಲೆಯೇ ಬರೆಯುತ್ತಿದ್ದಳು. ಪಟ್ಟಿ ಬಂದ ಮೇಲೆ ಮಗು ಊಟ ಮಾಡುತ್ತಿತ್ತು, ಕರುವಿನ ಜೊತೆ ಮಾತಾಡುತ್ತಿತ್ತು.

ಡೈರಿಗೆ ಹಾಲು ಹಾಕಲು ಹೋದಾಗ ಗೆಳೆಯ ನಿಂಗಣ್ಣ ಅಂದ: “ಲೇ, ಅದು ಅಫೀಮು ಕಣ್ಲಾ. ಮಗೀಗೆ ಚಟ ಹತ್ತಿಸ್ತಾವ್ರೆ, ನೋಡ್ಕಂಡು ಕುಂತಿದ್ದೀಯಲ್ಲ. ಎಸ್ಸೆಲ್ಸಿ ಓದಿದೋನು ಬೇರೆ!”

ಸಾಯುವ ಮಗುವಿಗೆ ಚಟ ಹತ್ತಿದರೇನು ಎಂದು ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲದ ಒಂದು ಬೆಳಿಗ್ಗೆ, ಸೋಮವಾರ ಎಂದು ಬರೆದಿದ್ದ ಪಟ್ಟಿ ಕಿತ್ತೆ.

“ಯಾಕ್ ತಾತ ಕೀಳ್ತೀಯ? ಅಮ್ಮ ಬೈತಾಳೆ.”

“ಅಮ್ಮಂಗೆ ಹೇಳ್ಬ್ಯಾಡ ಕಣವ್ವ.”

ನೀರೊಲೆಗೆ ಹಾಕಿದೆ. ಸುರುಟಿಕೊಂಡು ಉರಿಯಿತು. ಪೂರ್ತಿ ಉರಿಯುವವರೆಗೂ ನಿಂತು ನೋಡಿದೆ.

ಸಂಜೆಗೆ ಮುಲುಕಾಟ ಶುರುವಾಯಿತು. ಮಾರನೆಯ ಬೆಳಗಿನ ಹೊತ್ತಿಗೆ ಕಿರುಚಾಟ. ಅಷ್ಟರಲ್ಲೂ ಮಗು ನನ್ನ ಹೆಸರು ಹೇಳಲಿಲ್ಲ. ಸೊಸೆ ಅಂಗಿ ಎತ್ತಿ ನೋಡಿದಳು. ನಾನೂ ನೋಡಿದೆ. ಪಟ್ಟಿ ಬೆನ್ನಿನ ಮೇಲಿತ್ತು. ಅದೇ ಜಾಗ, ಸೋಮವಾರ ಎಂದು ಸೊಸೆಯದೇ ಅಕ್ಷರ. ಡಬ್ಬಿಯಿಂದ ಹೊಸದೊಂದನ್ನೂ ತೆಗೆದಿರಲಿಲ್ಲ.

“ಪಟ್ಟಿ ಅಂಗೇ ಅದೆ ಸಾರ್, ಆದ್ರೂ ತಡೀತಿಲ್ಲ,” ಎಂದು ಅವಳು ಫೋನಿನಲ್ಲಿ ಡಾಕ್ಟರಿಗೆ ಹೇಳಿದಳು. ನಾನು ಬಾಯಿ ಬಿಡಲಿಲ್ಲ. ಅವರು ಇನ್ನೂ ಹೆಚ್ಚು ಪವರಿನದು ಕೊಟ್ಟರು. ನೋವು ನಿಂತಿತು. ಆದರೆ ಆಮೇಲೆ ಇಂಚರ ಮಲಗಿಯೇ ಇರುತ್ತಿದ್ದಳು, ಮಾತು ಕಡಿಮೆಯಾಯಿತು. ಎರಡು ತಿಂಗಳಿಗೆ ಹೋದಳು. ಆವತ್ತಿನದನ್ನು ಅವಳ ಹತ್ತಿರ ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಹೋದ ತಿಂಗಳು ಸೊಸೆಗೆ ಎಲ್ಲವನ್ನೂ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನಾನೇ ಮುಟ್ಟಿ ನೋಡಿವ್ನಿ ಮಾವ, ಅಂಟ್ಕಂಡೇ ಇತ್ತು. ಇಲ್ಲದ್ದೆಲ್ಲ ತಲೇಲಿ ಇಟ್ಕಂಡು ಕೊರಗ್ಬ್ಯಾಡಿ, ಬುಡಿ.”

ಬೈದಿದ್ದರೆ ತಲೆ ತಗ್ಗಿಸುತ್ತಿದ್ದೆ. ಒಲೆಯಲ್ಲಿ ಉರಿದದ್ದು ಯಾವುದು, ಬೆನ್ನಿನ ಮೇಲಿದ್ದದ್ದು ಯಾವುದು, ಇವತ್ತಿಗೂ ನನಗೆ ಗೊತ್ತಿಲ್ಲ. ಕ್ಷಮಿಸು ಎಂದು ಕೇಳಿದರೆ, ನೀವು ಏನೂ ಮಾಡಿಲ್ಲ ಎನ್ನುತ್ತಾಳೆ. ಮಗು ಕಿರುಚಿದ್ದು ಮಾತ್ರ ಇಬ್ಬರಿಗೂ ಕೇಳಿಸಿತ್ತು.