ಅಕ್ಕೋರ ಹಲ್ಲು ಸರಿಯುವಷ್ಟರಲ್ಲಿ

ಆಗುವುದಿಲ್ಲ ಎಂದು ಮೊದಲು ಹೇಳಿದವನು ನಮ್ಮ ಕಾಕಾ. ಸುರಪುರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಭಜಿ ತಿನ್ನುತ್ತ, ನಾಲ್ಕು ಮಂದಿಗೆ ಕೇಳುವ ಹಾಗೆ, "ಅಕ್ಕೋರ ಹಲ್ಲ ಒಳಗ ಹೋಗಂಗಿಲ್ಲ, ನಮ್ಮ ಹುಡುಗಿ ಡಿಗ್ರಿ ಹೊರಗ ಬರಂಗಿಲ್ಲ. ಬೇಕಾದ್ರ ಬರದು ಕೊಡ್ತೀನಿ," ಎಂದಿದ್ದ. ಎಲ್ಲರೂ ನಕ್ಕರು. ಆ ಹುಡುಗಿ ನಾನೇ; ಪಕ್ಕದಲ್ಲೇ ಇದ್ದೆ, ನಗಲಿಲ್ಲ.

ಅಕ್ಕೋರ ಮೇಲಿನ ಎರಡು ಹಲ್ಲು ಹೊರಗೆ ಬಂದು ಕೆಳತುಟಿಯ ಮೇಲೆ ಕೂತಿದ್ದವು. ಕೂತು ಕೂತು ಆ ತುಟಿಯಲ್ಲಿ ಎರಡು ಸಣ್ಣ ಕುಳಿ ಬಿದ್ದಿದ್ದವು. ಬಾಯಿ ಮುಚ್ಚಬೇಕೆಂದರೆ ಮೇಲಿನ ತುಟಿಯನ್ನು ಎಳೆದು ತರಬೇಕಾಗುತ್ತಿತ್ತು. ಸ್ವಲ್ಪ ಮೈಮರೆತರೆ ಅದು ಮತ್ತೆ ಮೇಲೆ ಹೋಗುತ್ತಿತ್ತು. ನಗು ಬಂದಾಗ ಸೆರಗು ತಾನಾಗಿಯೇ ಬಾಯಿಗೆ ಬರುತ್ತಿತ್ತು. ಬೈಯುವಾಗ ಮಾತ್ರ ಸೆರಗಿನ ನೆನಪು ಇರುತ್ತಿರಲಿಲ್ಲ. ಬೈಯುವುದೂ ಬಹಳ ಇತ್ತು.

ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿರುವ ನಮ್ಮೂರ ಶಾಲೆಗೆ ಅವರು ನಾನು ಹುಟ್ಟುವ ಮೊದಲೇ ಬಂದವರು. ಸುರಪುರದಲ್ಲಿ ಒಂದು ಖೋಲಿ ಮಾಡಿಕೊಂಡು ಒಬ್ಬರೇ ಇದ್ದರು. ತವರುಮನೆ ಶಹಾಪುರ; ಅಲ್ಲಿ ತಮ್ಮನ ಸಂಸಾರ ಇತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ನೋಡಾಕ ಬಂದವ್ರೆಲ್ಲ ಸುಸಲಾ ತಿಂದು, ಚಾ ಕುಡದು, ಊರಿಗಿ ಹೋಗಿ ಹೇಳ್ತೀವಿ ಅಂದ್ರು. ಇನ್ನಾ ಹೇಳಾಕತ್ಯಾರ," ಎನ್ನುತ್ತಿದ್ದರು.

ನಾವು ದಲಿತರು. ಊರಿನವರು ನಮ್ಮ ಕೇರಿಗೆ ಬಂದರೆ ಕೆಲಸ ಹೇಳಿ ನಿಂತ ಕಾಲಲ್ಲೇ ತಿರುಗುತ್ತಿದ್ದರು. ಬಹಳ ಒಳ್ಳೆಯವರಾದರೆ, "ಈಗರ ಕುಡದು ಬಂದೀನಿ, ಬ್ಯಾಡ," ಎನ್ನುತ್ತಿದ್ದರು. ಆ ಮಾತಿನ ಅರ್ಥ ಕೇರಿಯ ಕೂಸಿಗೂ ಗೊತ್ತಿತ್ತು. ಅಕ್ಕೋರು ಲಿಂಗಾಯತರು. ಶಾಲೆ ಬಿಟ್ಟ ಮೇಲೆ, ಅವತ್ತು ಬರದ ಮಕ್ಕಳ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂಡುತ್ತಿದ್ದರು. ಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿದು, ಬಸಿ ಕೆಳಗಿಟ್ಟ ಮೇಲೆಯೇ ಬೈಗುಳ ಶುರು. ಇದನ್ನು ದೊಡ್ಡ ಉಪಕಾರ ಎಂದು ನಾನು ಬರೆಯುತ್ತಿಲ್ಲ. ಚಹಾ ನಮ್ಮದು, ಸಕ್ಕರೆ ನಮ್ಮದು. ಆದರೆ ಬೇರೆ ಯಾರೂ ಕುಡಿಯಲಿಲ್ಲ, ಅದನ್ನೂ ಬರೆಯಬೇಕಲ್ಲ.

ಪಿಯುಸಿಯಲ್ಲಿ ನಾನು ಇಂಗ್ಲಿಷಿಗೆ ಬಿದ್ದೆ. ಅಪ್ಪ ಸಾಕೆಂದ. ಹತ್ತಿ ಬಿಡಿಸಲು ಅವ್ವನ ಜೊತೆ ಹೊಲಕ್ಕೆ ಹೋಗತೊಡಗಿದೆ. ಒಂದು ಭಾನುವಾರ ಅಕ್ಕೋರು ಹೊಲಕ್ಕೇ ಬಂದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ನನ್ನ ಪಕ್ಕದ ಸಾಲು ಹಿಡಿದರು. ಹತ್ತಿಯ ಜೊತೆ ಒಣಗಿದ ಎಲೆಯೂ ಬರುತ್ತಿತ್ತು, ಕಾಯಿಯ ಸಿಪ್ಪೆ ಚುಚ್ಚಿ ಬೆರಳಿನಿಂದ ರಕ್ತವೂ ಬರುತ್ತಿತ್ತು. ಅವ್ವ ನಕ್ಕು ನಕ್ಕು ಸಾಕಾದಳು. "ಅಕ್ಕೋರೆ, ನಿಮ್ಮಂಥ ಆಳ ಇಬ್ರು ಸಿಕ್ರ ಗೌಡ್ರು ಊರ ಬಿಡ್ತಾರ ನೋಡ್ರಿ!"

ಹೊತ್ತು ಮುಳುಗುವ ತನಕ ಬಿಡಿಸಿ, ತಮ್ಮ ಪುಟ್ಟ ಗಂಟನ್ನು ಅವ್ವನ ಮುಂದಿಟ್ಟು ಅಕ್ಕೋರು ಹೇಳಿದರು: "ನನಗ ಬರಲಿಲ್ಲ. ನಾಳೆ ಬಂದ್ರ ಇದಕ್ಕಿಂತ ಚೂರು ಚಲೋ ಬರ್ತದ. ಈಕಿಗಿ ಇಂಗ್ಲಿಷೂ ಅಷ್ಟ. ಇನ್ನಾ ಟೈಮ್ ಅದ." ಟೈಮ್ ಅದ ಎನ್ನುವುದು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. ಮಗ್ಗಿ ತಪ್ಪಿದ ಹುಡುಗನಿಗೂ ಅದೇ, ಹೋದ ಬಸ್ಸಿನ ಬೆನ್ನು ನೋಡುತ್ತ ನಿಂತಾಗಲೂ ಅದೇ. ನಾನು ಮತ್ತೆ ಪರೀಕ್ಷೆಗೆ ಕೂತೆ, ಪಾಸಾದೆ, ಸುರಪುರದಲ್ಲಿ ಬಿ.ಎ. ಸೇರಿದೆ.

ಎರಡನೆಯ ವರ್ಷದಲ್ಲಿದ್ದಾಗ ಅಕ್ಕೋರು, "ಯಾದಗಿರಿಗಿ ಹೋಗೂದದ, ಜೊತಿಗಿ ಬಾ," ಎಂದು ಕರೆದರು. ಹೋದದ್ದು ಹಲ್ಲಿನ ದವಾಖಾನೆಗೆ. ಅವರಿಗೆ ಆಗಲೇ ಐವತ್ತು ದಾಟಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿಯ ಅಳತೆ ತೆಗೆದುಕೊಂಡು, ತಂತಿ ಕಟ್ಟುವುದು ಬೇಡ, ಅಲೈನರ್ ಹಾಕೋಣ ಎಂದರು. ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕಿನ ಅಚ್ಚು ಅದು, ಹಲ್ಲಿನ ಮೇಲೆ ಟೊಪ್ಪಿಗೆಯಂತೆ ಕೂಡುತ್ತದೆ. ಹದಿನೈದು ದಿನಕ್ಕೊಮ್ಮೆ ಹೊಸದು. ಪ್ರತಿಯೊಂದೂ ಹಲ್ಲನ್ನು ಕೂದಲೆಳೆಯಷ್ಟು ಒಳಗೆ ನೂಕುತ್ತದೆ.

"ಎಷ್ಟ ದಿನ ಹಿಡೀತದ?" ಎಂದು ಅಕ್ಕೋರು ಕೇಳಿದರು.

"ಒಂದೂವರಿ ವರ್ಷರಿ ಮೇಡಂ. ಆದ್ರ ಹಗಲು ರಾತ್ರಿ ಬಾಯಾಗ ಇರಬೇಕ್ರಿ. ಉಣ್ಣುಮುಂದ, ಚಾ ಕುಡಿಯುಮುಂದ ಅಷ್ಟ ತೆಗೀಬೇಕು. ಆಮ್ಯಾಲ ಬಾಯಿ ತೊಳ್ಕೊಂಡು ಕೂಡ್ಲೇ ಹಾಕೋಬೇಕು. ಹೊರಗ ಇದ್ದಷ್ಟೂ ಹೊತ್ತು ಹಲ್ಲು ಹಿಂದಕ್ಕ ಬರ್ತಾವ."

ಶಾಲೆಯ ಮಕ್ಕಳು ಒಂದೇ ದಿನದಲ್ಲಿ ಕಂಡುಹಿಡಿದರು. "ಅಕ್ಕೋರು ಹಲ್ಲಿಗಿ ಸ್ಕ್ರೀನ್‌ಗಾರ್ಡ್ ಹಚ್ಚ್ಯಾರಲೇ!"

ಆ ವಾರವೇ ಅಕ್ಕೋರು ಕೇರಿಗೆ ಬಂದರು. ಮೂಲೆಮನೆಯ ಆಯಿಯ ಮೊಮ್ಮಗ ಶಾಲೆಗೆ ಬಂದಿರಲಿಲ್ಲ. ಆಯಿ ಎಂದಿನಂತೆ ಚಹಾ ತಂದಳು. ಅಕ್ಕೋರ ಬಾಯಲ್ಲಿ ಅಚ್ಚು ಇತ್ತು. ಡಾಕ್ಟರ ಮಾತು ತಲೆಯಲ್ಲಿತ್ತು. ಅಕ್ಕೋರು, "ಇವತ್ತ ಬ್ಯಾಡ ಆಯಿ," ಎಂದರು. ಆಯಿ ಕಪ್ಪು ಒಳಗೆ ಒಯ್ದಳು.

ಹೊತ್ತು ಮುಳುಗುವಷ್ಟರಲ್ಲಿ ಕೇರಿಗೆಲ್ಲ ಗೊತ್ತಾಗಿತ್ತು. ಡಾಕ್ಟರು ಬೇಡವೆಂದಿರಬೇಕು ಎಂದು ನಮ್ಮವ್ವ ಹೇಳಲು ಹೋದಳು. ಆಯಿ ಜೋಳ ಹಸನು ಮಾಡುತ್ತ ತಲೆಯೆತ್ತದೆ ಕೇಳಿದಳು: "ಊರೊಳಗ ಕುಡೀಬ್ಯಾಡ ಅಂದಿಲ್ಲೇನು ಡಾಕ್ಟ್ರು? ನಮ್ಮ ಮನಿ ಚಾ ಅಷ್ಟ ಬ್ಯಾಡ ಅಂದಾಳೇನು?"

ಮರುದಿನ ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ ಅಕ್ಕೋರಿಗೆ ಇದನ್ನು ಹೇಳಿದೆ. ಅವರ ಮುಖ ಸಣ್ಣದಾಯಿತು. ಸಂಜೆ ಬಂದು ಆಯಿಯ ಕಟ್ಟೆಯ ಮೇಲೆ ಕೂತರು, ಕೇರಿಯವರೆಲ್ಲ ನೋಡುತ್ತಿರುವಾಗಲೇ ಬಾಯಿಗೆ ಬೆರಳು ಹಾಕಿ ಅಚ್ಚನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. "ನೋಡು, ಇದಕ್ಕ ಬ್ಯಾಡ ಅಂದಿದ್ದೆ. ಈಗ ಚಾ ತಾ. ಸಕ್ರಿ ಜಾಸ್ತಿ ಹಾಕು."

ಆಯಿ ಬಗ್ಗಿ ನೋಡಿದಳು. "ಅಯ್ಯ ಯವ್ವಾ! ಇಂಥಾದ್ದ ಬಾಯಾಗ ಇಟ್ಕೊಂಡು ಅಷ್ಟ ಹೆಂಗ ಬೈತೀರಿ?" ಕೇರಿಯೇ ನಕ್ಕಿತು. ಅಕ್ಕೋರೂ ನಕ್ಕರು.

ಅಂದಿನಿಂದ ಅವರು ಯಾವ ಮನೆಯಲ್ಲೂ ಬೇಡ ಎನ್ನಲಿಲ್ಲ. ಮೂರು ಮನೆಗೆ ಹೋದರೆ ಮೂರು ಸಲ ಚಹಾ. ನಡುವೆ ಬಾಯಿ ತೊಳೆಯುತ್ತ ಕೂಡುವುದು ಹೇಗೆ? ಅಚ್ಚು ಡಬ್ಬಿಯಲ್ಲೇ ಉಳಿದು, ಸುರಪುರದ ಖೋಲಿ ಮುಟ್ಟಿದ ಮೇಲೆ ಬಾಯಿಗೆ ಹೋಗುತ್ತಿತ್ತು. ಕೆಲವು ತಿಂಗಳಾದ ಮೇಲೆ ಹೊಸ ಅಚ್ಚು ಹಲ್ಲಿನ ಮೇಲೆ ಕೂಡದಾಯಿತು. ಡಾಕ್ಟರು ಹಳೆಯದನ್ನೇ ಮತ್ತೆ ಹಾಕಿಸಿ, "ಹಿಂಗಾದ್ರ ಎರಡ ವರ್ಷಕ್ಕೂ ಮುಗಿಯಂಗಿಲ್ರಿ. ಮಂದಿ ಮನಿ ಚಾ ಬಿಡ್ರಿ ಮೇಡಂ," ಎಂದರು.

"ಚಾ ಬಿಟ್ರ ಹಲ್ಲು ಜಲ್ದಿ ಒಳಗ ಹೋಗ್ತಾವ, ಖರೇ. ಹುಡುಗ್ರೂ ಸಾಲಿ ಬಿಟ್ಟು ಹೋಗ್ತಾವ್ರಿ," ಎಂದರು ಅಕ್ಕೋರು.

ವಾಪಸಾಗುವಾಗ ಬಸ್ಸು ಶಹಾಪುರದಲ್ಲಿ ಬಹಳ ಹೊತ್ತು ನಿಂತಿತು. ನಾನು ತಡೆಯಲಾರದೆ ಕೇಳಿದೆ. "ಈ ವಯಸ್ಸಿನ್ಯಾಗ ಹಲ್ಲು ಯಾಕ ಬೇಕ್ರಿ ಅಕ್ಕೋರೆ, ಇಷ್ಟ ತ್ರಾಸ ತಗೊಂಡು?"

ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು. "ನಮ್ಮವ್ವಂದೂ ಇದೇ ಬಾಯಿ. ತೀರಕೊಂಡಾಗ ಕೂಡಿಸಿದ್ರು." ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕುತ್ತಾರೆ. ಬಂದವರೆಲ್ಲ ಮುಖ ನೋಡಿಯೇ ಹೋಗುವುದು. "ಎಷ್ಟ ಕಟ್ಟಿದ್ರೂ ಬಾಯಿ ಮುಚ್ಚಲಿಲ್ಲ. ಹಲ್ಲು ಹಂಗೇ ಕಾಣತಿದ್ವು. ಓಣಿ ಹುಡುಗ್ರು ನಕ್ಕವು. ನಾ ಬಾಜೂಕ ಕುಂತಿದ್ದೆ. ನನಗ ಮದುವಿ ಗಿದುವಿ ಏನೂ ಬ್ಯಾಡ, ನನ್ನ ಕೂಡಿಸಿದಾಗ ಬಾಯಿ ಮುಚ್ಚಿದ್ರ ಸಾಕು."

"ಹಂಗಾದ್ರ ಚಾ ಬಿಡ್ರಿ ಅಕ್ಕೋರೆ. ಕೇರಿಗಿ ನಾ ತಿಳಿಸಿ ಹೇಳ್ತೀನಿ," ಎಂದೆ.

"ನೀ ಹೇಳಿದ್ರ ಕೇಳ್ತಾರ. ಒಪ್ಪಂಗಿಲ್ಲ," ಎಂದರು. ಬಸ್ಸು ಹೊರಟಿತು. "ಇರ್ಲಿ ಬಿಡು. ಇನ್ನಾ ಟೈಮ್ ಅದ."

ಇರಲಿಲ್ಲ. ನನ್ನ ಕೊನೆಯ ಪರೀಕ್ಷೆಗೆ ಸ್ವಲ್ಪ ಮೊದಲು, ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಕ್ಕೋರು ಎದೆ ಹಿಡಿದುಕೊಂಡು ಕೂತರು. ಆಟೋದಲ್ಲಿ ಸುರಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆಟೋದಲ್ಲಿ ಜೊತೆಗೆ ಹೋಗಿದ್ದವನು ನಮ್ಮ ಕಾಕಾ.

ಶಹಾಪುರಕ್ಕೆ, ಅಕ್ಕೋರ ತಮ್ಮನ ಮನೆಗೆ, ಕೇರಿಯವರೆಲ್ಲ ಒಂದು ಟಂಟಂ ಗಾಡಿ ಮಾಡಿಕೊಂಡು ಹೋದೆವು. ಅಂಗಳದಲ್ಲಿ ಅಕ್ಕೋರನ್ನು ಕೂಡಿಸಿದ್ದರು. ನಾನು ಮೊದಲು ನೋಡಿದ್ದು ಬಾಯಿಯನ್ನೇ. ಹಲ್ಲು ಬಹಳ ಒಳಗೆ ಸರಿದಿದ್ದವು. ಕೆಳತುಟಿಯ ಮೇಲಿನ ಆ ಎರಡು ಕುಳಿ ಖಾಲಿಯಾಗಿದ್ದವು. ಆದರೆ ತುಟಿಗಳು ಕೂಡಿರಲಿಲ್ಲ. ನಡುವೆ ಒಂದು ಅಕ್ಕಿಕಾಳಿನಷ್ಟು ಬಿಳಿ ಉಳಿದಿತ್ತು. ಇನ್ನು ನಾಲ್ಕಾರು ತಿಂಗಳು ಸಾಕಾಗಿತ್ತು ಎಂದು ಆಮೇಲೆ ಡಾಕ್ಟರು ನನಗೆ ಫೋನಿನಲ್ಲಿ ಹೇಳಿದರು. ಆ ನಾಲ್ಕಾರು ತಿಂಗಳು ಎಲ್ಲಿ ಹೋದವೆಂದು ನನಗೆ ಗೊತ್ತಿತ್ತು; ನಮ್ಮ ಮನೆಯ ಕಟ್ಟೆಯ ಮೇಲೂ ಒಂದಿಷ್ಟು ಹೋಗಿದ್ದವು.

ಜನ ಹೆಚ್ಚಾದಂತೆ ತಮ್ಮನ ಹೆಂಡತಿ ಒಂದು ಕರವಸ್ತ್ರ ತಂದು ಆ ಬಾಯಿಗೆ ಮುಚ್ಚಲು ಹೋದಳು. ಮೂಲೆಮನೆಯ ಆಯಿ ದೂರ ನಿಂತಿದ್ದವಳು ಮುಂದೆ ಬಂದಳು. ಆ ಅಂಗಳದಲ್ಲಿ ಅವಳನ್ನು ಯಾರೂ ಮುಂದೆ ಬಾ ಎಂದಿರಲಿಲ್ಲ.

"ಮುಚ್ಚಬ್ಯಾಡ ತಂಗಿ," ಎಂದಳು. "ನಮ್ಮ ಮನ್ಯಾಗ ಚಾ ಕುಡದ ಬಾಯಿ ಅದು. ಮಂದಿ ನೋಡ್ಲಿ."

ತಮ್ಮನ ಹೆಂಡತಿ ಕರವಸ್ತ್ರವನ್ನು ತನ್ನ ಕಣ್ಣಿಗೆ ಒತ್ತಿಕೊಂಡು ಹಿಂದೆ ಸರಿದಳು. ಯಾವ ಹುಡುಗನೂ ನಗಲಿಲ್ಲ.

ನಾನು ಪರೀಕ್ಷೆ ಬರೆದೆ, ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ಅದು. ಯಾರ ದಯೆಯಿಂದಲೂ ಬಂದದ್ದಲ್ಲ. ಆದರೂ ಅದರಲ್ಲಿ ಅಕ್ಕೋರ ಪಾಲು ಎಷ್ಟೆಂದು ನನಗೆ ಗೊತ್ತಿದೆ. ಡಿಗ್ರಿ ಸರ್ಟಿಫಿಕೇಟ್ ಬಂದಿದೆ ಎಂದು ಕಾಲೇಜಿನಿಂದ ಹೇಳಿಕಳಿಸಿದ ದಿನ ಅವ್ವ ಕೂಲಿ ಬಿಟ್ಟು ನನ್ನ ಜೊತೆ ಸುರಪುರಕ್ಕೆ ಬಂದಳು. ಗುಮಾಸ್ತರು ಅದನ್ನು ನನ್ನ ಕೈಗೆ ಕೊಟ್ಟರು, ನಾನು ಅವ್ವನ ಕೈಗೆ ಕೊಟ್ಟೆ. ಅವ್ವ ಎರಡೂ ಕೈ ಸೀರೆಗೆ ಒರೆಸಿಕೊಂಡು ಹಿಡಿದಳು. ಅವಳಿಗೆ ಓದಲು ಬರುವುದಿಲ್ಲ. ಆದರೂ ಮೇಲಿನಿಂದ ಕೆಳಗಿನವರೆಗೆ ಸಾವಕಾಶ ನೋಡಿ ನನಗೆ ತಿರುಗಿ ಕೊಟ್ಟಳು. ಗೇಟಿನ ಹೊರಗೆ ಬಂದ ಮೇಲೆ, ನಾನು ಪಾಸಾದಾಗಲೆಲ್ಲ ಹೇಳುತ್ತಿದ್ದ ಹಾಗೆಯೇ, ಸಹಜವಾಗಿ ಅಂದಳು:

"ಮಡಚಬ್ಯಾಡ. ಹಂಗೇ ತಗೊಂಡು ಹೋಗಿ ಮೊದ್ಲ ಅಕ್ಕೋರಿಗಿ ತೋರಿಸಿ ಬಾ."